ತಾಟೆ ಗಂಡೋ ಹೆಣ್ಣೋ? ಕ್ಲಾಸ್ಪರ್ ನೋಡಿ ಹೇಳುವುದು ಹೇಗೆ

ಬೂತಾಯಿ ಮೀನು ಗಂಡೋ ಹೆಣ್ಣೋ ಎಂದು ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ಬಂಗುಡೆಯದೂ ಅದೇ ಕಥೆ. ಹೊಟ್ಟೆ ಕೊಯ್ದು ಒಳಗೆ ನೋಡಲೇಬೇಕು. ತಾಟೆ (ಶಾರ್ಕ್) ಮತ್ತು ತೊರಕೆ (ರೇ ಮೀನು) ಹಾಗಲ್ಲ. ಒಮ್ಮೆ ಮಗುಚಿ ಹಾಕಿದರೆ ಸಾಕು, ಚಾಕು ಬೇಡ. ಅಷ್ಟೇ ಅಲ್ಲ, ಗಂಡಾಗಿದ್ದರೆ ಅದು ಇನ್ನೂ ಮರಿಯೋ, ಪ್ರಾಯಕ್ಕೆ ಬಂದಿದೆಯೋ ಎಂಬುದನ್ನೂ ಅಲ್ಲೇ ಹೇಳಬಹುದು. ಅದನ್ನು ತಿಳಿಸುವ ಅಂಗದ ಹೆಸರು ಕ್ಲಾಸ್ಪರ್.

ಪ್ರಾಣಿಶಾಸ್ತ್ರ, ಮೀನುಗಾರಿಕೆ ಓದುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸುಮ್ನೆ ಕುತೂಹಲ ಇರುವವರೂ ಓದಬಹುದು. ಬೇಕಾದ ಸಾಮಾನು ಜಾಸ್ತಿ ಇಲ್ಲ: ಅಳತೆ ಟೇಪು, ಪ್ಲಾಸ್ಟಿಕ್ ಸ್ಕೇಲು, ದಪ್ಪ ಕೈಗವಸು, ಪೆನ್ಸಿಲ್, ಒಂದು ನೋಟ್‌ಬುಕ್. ಪೆನ್ ಬೇಡ, ಧಕ್ಕೆಯ (ಮೀನು ಇಳಿಸುವ ಕಟ್ಟೆಯ) ನೀರಿಗೆ ಶಾಯಿ ಹರಡಿಹೋಗುತ್ತದೆ. ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಿ

ಕ್ಲಾಸ್ಪರ್ ಅಂದರೆ ಇಂಗ್ಲಿಷಿನಲ್ಲಿ ತಬ್ಬಿ ಹಿಡಿಯುವಂಥದ್ದು. ಆದರೆ ತಾಟೆಯ ಕ್ಲಾಸ್ಪರ್ ಏನನ್ನೂ ತಬ್ಬುವುದಿಲ್ಲ. ಗಂಡು ಮೀನುಗಳಿಗೆ ಹಿಂಬದಿಯಲ್ಲಿ ಎರಡು ಅಂಗ ಜೋತಾಡುತ್ತವೆ, ಹೆಣ್ಣಿಗೆ ಅವು ಇಲ್ಲ ಎಂದು ಅರಿಸ್ಟಾಟಲ್ 2,300 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದ. ಆಮೇಲೆ ಬಂದವರು ಹೆಣ್ಣನ್ನು ಹಿಡಿದುಕೊಳ್ಳಲು ಇವು ಇರಬೇಕು ಅಂದುಕೊಂಡರು. ಆ ಹೆಸರೇ ಉಳಿದುಬಿಟ್ಟಿತು.

ನಿಜವಾದ ಕೆಲಸ ಬೇರೆ. ಇದು ವೀರ್ಯವನ್ನು ಹೆಣ್ಣಿನ ದೇಹದೊಳಗೆ ಸಾಗಿಸುವ ಕೊಳವೆ. ಹೆಚ್ಚಿನ ಎಲುಬಿನ ಮೀನುಗಳು ಮೊಟ್ಟೆಯನ್ನೂ ವೀರ್ಯವನ್ನೂ ನೀರಿಗೆ ಬಿಟ್ಟು ಸುಮ್ಮನಾಗುತ್ತವೆ. ತಾಟೆ, ತೊರಕೆಗಳಲ್ಲಿ ಗರ್ಭ ಕಟ್ಟುವುದು ಹೆಣ್ಣಿನ ಒಳಗೆ.

ಹಿಡಿದುಕೊಳ್ಳುವ ಕೆಲಸ ಹಲ್ಲಿನದು. ಗಂಡು ಹೆಣ್ಣಿನ ಎದೆಯ ರೆಕ್ಕೆಯನ್ನೋ ಬೆನ್ನನ್ನೋ ಕಚ್ಚಿ ಹಿಡಿಯುತ್ತದೆ. ನೀಲಿ ಶಾರ್ಕ್ ಎಂಬ ಜಾತಿಯಲ್ಲಿ ಹೆಣ್ಣಿನ ಚರ್ಮ ಗಂಡಿನದಕ್ಕಿಂತ ಎರಡು ಪಟ್ಟಿಗೂ ದಪ್ಪ, ಕಡಿತ ತಡೆಯಲೆಂದೇ. ಧಕ್ಕೆಯಲ್ಲಿ ದೊಡ್ಡ ಹೆಣ್ಣು ತಾಟೆಯ ರೆಕ್ಕೆಯ ಮೇಲೆ ಸಾಲು ಸಾಲಾಗಿ ಗೀರು ಕಂಡರೆ ಬಲೆಯ ಗಾಯ ಎಂದು ತಳ್ಳಿಹಾಕಬೇಡಿ. ಗೀರು ಬಿಲ್ಲಿನಂತೆ ಬಾಗಿದ್ದರೆ ಅದು ಗಂಡಿನ ಹಲ್ಲಿನ ಗುರುತಿರಬಹುದು.

ಹಂತ 1: ಯಾವಾಗ, ಎಲ್ಲಿಗೆ ಹೋಗಬೇಕು

ಮಂಗಳೂರಿನ ಧಕ್ಕೆ ಅಥವಾ ಮಲ್ಪೆ ಬಂದರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ, ಆಗ ಹೋಗಿ ಪ್ರಯೋಜನ ಇಲ್ಲ. ಆಗಸ್ಟ್ ನಂತರ ಹೋಗಿ. ಬೆಳಿಗ್ಗೆ ಬೇಗ ಹೋಗಿ. ಏಲಂ ಶುರುವಾದ ಮೇಲೆ ನಿಮ್ಮ ಸ್ಕೇಲು, ಪೆನ್ಸಿಲ್ ನೋಡಿಕೊಂಡು ನಿಲ್ಲುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಕೇಳದೆ ಮೀನು ಮುಟ್ಟಬೇಡಿ. ನಾನು ಮೊದಲ ಸಲ ಹೋದಾಗ ಬುಟ್ಟಿಯ ಮುಂದೆ ಕೂತಿದ್ದ ಅಕ್ಕನನ್ನು ಕೇಳಿದೆ. "ಅಕ್ಕಾ, ಈ ತಾಟೆ ಒಮ್ಮೆ ಮಗುಚಿ ನೋಡ್ಲಾ?"

"ಎಂತಕ್ಕೆ? ತಗೊಳ್ಳುದಾ?"

"ಇಲ್ಲ, ಗಂಡೋ ಹೆಣ್ಣೋ ನೋಡ್ಲಿಕ್ಕೆ."

ಅವರು ಒಂದು ಕ್ಷಣ ನನ್ನ ಮುಖ ನೋಡಿ, ಬಾಲ ಹಿಡಿದು ತಾವೇ ತಿರುಗಿಸಿ ಹಾಕಿದರು. "ಇದು ಗಂಡು. ಬೇಗ ಬರ್ಕೊಳ್ಳಿ ಮಾರಾಯ್ರೆ, ಗಿರಾಕಿ ಬರ್ತಾರೆ." ನಾನು ಮೂರು ವರ್ಷ ಓದಿ ಕಲಿತದ್ದು ಅವರಿಗೆ ಕಣ್ಣಳತೆಯಲ್ಲೇ ಗೊತ್ತಿತ್ತು.

ಇನ್ನೊಂದು ಮಾತು, ಕಾನೂನಿನದು. ತಿಮಿಂಗಿಲ ಶಾರ್ಕ್ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಗರಗಸ ಮೀನಿಗೂ ರಕ್ಷಣೆ ಇದೆ. 2022ರ ತಿದ್ದುಪಡಿ ಬಂದ ಮೇಲೆ ಶಾರ್ಕ್, ತೊರಕೆಗಳ ಪಟ್ಟಿ ಇನ್ನೂ ಉದ್ದವಾಗಿದೆ. ಆದ್ದರಿಂದ ಜಾತಿ ಖಾತ್ರಿಯಾಗದೆ ಮೀನು ಕೊಂಡು ಲ್ಯಾಬಿಗೆ ತರಬೇಡಿ. ನೋಡಿ, ಅಳೆದು, ಫೋಟೋ ತೆಗೆದು ಬನ್ನಿ. ಈ ಮಾರ್ಗದರ್ಶಿಯ ಮುಕ್ಕಾಲು ಪಾಲಿಗೆ ಅಷ್ಟು ಸಾಕು.

ಹಂತ 2: ತೊರಕೆಯಾದರೆ ಮೊದಲು ಬಾಲ ನೋಡಿ

ತೊರಕೆಯ ಬಾಲದಲ್ಲಿ ಗರಗಸದ ಅಂಚಿನ ಮುಳ್ಳು ಇರುತ್ತದೆ. ಮೀನು ಸತ್ತರೂ ಮುಳ್ಳಿನ ವಿಷ ಸಾಯುವುದಿಲ್ಲ. ಅನುಭವ ಇರುವ ಮೀನುಗಾರರು ದೋಣಿಯಲ್ಲೇ ಬಾಲ ಕಡಿದು ಬಿಡುತ್ತಾರೆ. ಕಡಿದಿಲ್ಲದಿದ್ದರೆ ಬಾಲದ ಮೇಲೆ ಒದ್ದೆ ಗೋಣಿ ಹಾಕಿ, ಆಮೇಲೆ ಮುಟ್ಟಿ. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಗಾಯ ಮುಳುಗಿಸಿ ಇಡಿ, ನೋವು ಇಳಿಯುತ್ತದೆ. ನೀರು ಎಷ್ಟು ಬಿಸಿ ಎಂದು ಚುಚ್ಚದ ಕೈಯಲ್ಲಿ ನೋಡಿಕೊಳ್ಳಿ, ಇಲ್ಲವಾದರೆ ಸುಟ್ಟ ಗಾಯವೂ ಸೇರಿಕೊಳ್ಳುತ್ತದೆ. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು.

ಹಂತ 3: ಹೊಟ್ಟೆ ಮೇಲೆ ಮಾಡಿ, ಸರಿಯಾದ ಜಾಗ ಹುಡುಕಿ

ತಾಟೆಯನ್ನು ಬೆನ್ನ ಮೇಲೆ ಮಲಗಿಸಿ. ತಲೆಯಿಂದ ಬಾಲದ ಕಡೆಗೆ ಬೆರಳು ಓಡಿಸಿ. ಮೊದಲು ಸಿಗುವ ದೊಡ್ಡ ಜೋಡಿ ಎದೆಯ ರೆಕ್ಕೆ. ಇನ್ನೂ ಹಿಂದೆ ಹೋದರೆ ಚಿಕ್ಕದೊಂದು ಜೋಡಿ, ಅದೇ ಹೊಟ್ಟೆಯ ರೆಕ್ಕೆ. ಆ ಜೋಡಿಯ ನಡುವೆ ಒಂದು ಸೀಳು ಇದೆ. ಮಲ, ಮೂತ್ರ, ವೀರ್ಯ, ಮರಿ ಎಲ್ಲದಕ್ಕೂ ಅದೊಂದೇ ದಾರಿ. ಅದಕ್ಕೆ ಕ್ಲೋಯೆಕಾ ಎನ್ನುತ್ತಾರೆ.

ಈಗ ಆ ರೆಕ್ಕೆಗಳ ಒಳ ಅಂಚು ನೋಡಿ. ಗಂಡಾದರೆ ಪ್ರತಿ ರೆಕ್ಕೆಯ ಒಳ ಅಂಚಿಗೆ ಅಂಟಿಕೊಂಡು ಒಂದೊಂದು ಕಡ್ಡಿ ಹಿಂದಕ್ಕೆ ಚಾಚಿರುತ್ತದೆ. ಎರಡು ಕಡ್ಡಿ, ಎರಡು ಕ್ಲಾಸ್ಪರ್. ಹೆಣ್ಣಾದರೆ ಅಲ್ಲಿ ಏನೂ ಇಲ್ಲ, ರೆಕ್ಕೆಯ ತೆಳು ಅಂಚು ಮಾತ್ರ.

ತೊರಕೆಯಲ್ಲಿ ಬಾಲದ ಬುಡದ ಎರಡೂ ಪಕ್ಕ ಹುಡುಕಿ. ಬಲಿತ ಗಂಡಿನಲ್ಲಿ ಬೆನ್ನ ಕಡೆಯಿಂದಲೇ ಎರಡು ದಪ್ಪ ಬೆರಳು ಹೊರಗೆ ಇಣುಕುವುದು ಕಾಣುತ್ತದೆ.

ಎಡವುವುದು ಎಲ್ಲಿ ಅಂದರೆ ಮರಿಗಳಲ್ಲಿ. ಮರಿ ಗಂಡಿನ ಕ್ಲಾಸ್ಪರ್ ಬೆಂಕಿಕಡ್ಡಿಯ ತುದಿಯಷ್ಟು ಇರಬಹುದು, ರೆಕ್ಕೆಯ ಕೆಳಗೆ ಅಡಗಿರುತ್ತದೆ. ಮೇಲಿನಿಂದ ನೋಡಿ ಹೆಣ್ಣು ಎಂದು ಬರೆದುಬಿಡುತ್ತೇವೆ. ಹಾಗಾಗದಿರಲು ರೆಕ್ಕೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಹೊರಕ್ಕೆ ಮಡಚಿ. ಉರುಟಾದ ಮೊಗ್ಗು ಬೇರೆಯಾಗಿ ನಿಂತರೆ ಗಂಡು. ಅಂಚು ಕಾಗದದಂತೆ ಚಪ್ಪಟೆಯಾಗಿಯೇ ಬಂದರೆ ಹೆಣ್ಣು. ತಾಯಿಯ ಹೊಟ್ಟೆಯೊಳಗಿನ ಬೆಳೆದ ಮರಿಗಳಲ್ಲೂ ಈ ಮೊಗ್ಗು ಇರುತ್ತದೆ. ಹಾಗಾಗಿ ಹುಟ್ಟುವ ಮೊದಲೇ ಗಂಡು ಹೆಣ್ಣು ಎಣಿಸಬಹುದು.

ಇನ್ನೂ ಹಿಂದೆ, ನಡುಗೆರೆಯಲ್ಲಿ ಒಂಟಿ ರೆಕ್ಕೆಯೊಂದು ಕಂಡರೆ ಅದು ಗುದದ ರೆಕ್ಕೆ. ಕ್ಲಾಸ್ಪರ್ ಯಾವತ್ತೂ ಜೋಡಿಯೇ.

ಹಂತ 4: ಉದ್ದ ಅಳೆಯಿರಿ

ಅಳೆಯುವ ರೀತಿ ಎರಡು. ಒಳ ಉದ್ದ ಅಂದರೆ ಕ್ಲೋಯೆಕಾದ ಮುಂದಿನ ಅಂಚಿನಿಂದ ಕ್ಲಾಸ್ಪರ್ ತುದಿಯವರೆಗೆ. ಹೊರ ಉದ್ದ ಅಂದರೆ ರೆಕ್ಕೆಯಿಂದ ಕ್ಲಾಸ್ಪರ್ ಬಿಡಿಯಾಗುವ ಜಾಗದಿಂದ ತುದಿಯವರೆಗೆ. ಯಾವುದನ್ನಾದರೂ ಅಳೆಯಿರಿ, ಆದರೆ ಕೊನೆಯವರೆಗೂ ಅದನ್ನೇ ಅಳೆಯಿರಿ. ಯಾವುದು ಎಂದು ಪುಟದ ಮೇಲೆ ಬರೆದಿಡಿ. ಆರು ತಿಂಗಳ ನಂತರ ನೋಟ್‌ಬುಕ್ ತೆಗೆದಾಗ ನಿಮಗೇ ನೆನಪಿರುವುದಿಲ್ಲ. ನನಗೆ ಒಳ ಉದ್ದವೇ ಇಷ್ಟ. ಶುರುವಿನ ಜಾಗ ಪ್ರತಿ ಮೀನಿನಲ್ಲೂ ಖಚಿತವಾಗಿ ಸಿಗುತ್ತದೆ.

ಜೊತೆಗೆ ಮೂತಿಯಿಂದ ಬಾಲದ ತುದಿಯವರೆಗೆ ಪೂರ್ತಿ ಉದ್ದವನ್ನೂ ಅಳೆಯಿರಿ. ಟೇಪನ್ನು ಹೊಟ್ಟೆಯ ಉಬ್ಬಿನ ಮೇಲೆ ಹಾಸಬೇಡಿ, ಮೀನಿನ ಪಕ್ಕದಲ್ಲಿ ನೇರವಾಗಿ ಇಡಿ. ತೊರಕೆಯ ಬಾಲ ತುಂಡಾಗಿರುತ್ತದೆ, ಅದಕ್ಕೆ ಉದ್ದದ ಬದಲು ಅಗಲ ಅಳೆಯುವುದು ರೂಢಿ.

ಹಂತ 5: ಗಟ್ಟಿಯೋ ಮೆತ್ತಗೋ ಮುಟ್ಟಿ ನೋಡಿ

ಎಲ್ಲಕ್ಕಿಂತ ಮುಖ್ಯ ಹಂತ ಇದು. ಉದ್ದವೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಕ್ಲಾಸ್ಪರ್ ಉದ್ದವಾಗಿದ್ದೂ ಮೀನು ಇನ್ನೂ ಪ್ರಾಯಕ್ಕೆ ಬಂದಿರದೇ ಇರಬಹುದು.

ಕ್ಲಾಸ್ಪರ್ ಒಳಗೆ ಇರುವುದು ಮೆದು ಎಲುಬು, ನಮ್ಮ ಕಿವಿಯಲ್ಲಿ ಇದೆಯಲ್ಲ ಅಂಥದ್ದು. ಮೀನು ಬಲಿಯುತ್ತಾ ಬಂದಂತೆ ಅದರಲ್ಲಿ ಸುಣ್ಣ ಸೇರಿ ಗಟ್ಟಿಯಾಗುತ್ತದೆ. ಕ್ಲಾಸ್ಪರ್ ಮಧ್ಯದಲ್ಲಿ ಹೆಬ್ಬೆರಳು, ತೋರುಬೆರಳು ಇಟ್ಟು ಮೆಲ್ಲಗೆ ಬಗ್ಗಿಸಿ.

ಕಿವಿಯ ಹಾಲೆಯಂತೆ ಬಾಗಿದರೆ, ತುದಿ ರೆಕ್ಕೆಯ ಅಂಚು ದಾಟಿರದಿದ್ದರೆ, ಅದು ಮರಿ. ರೆಕ್ಕೆ ದಾಟಿ ಹೊರಗೆ ಬಂದಿದೆ, ಆದರೂ ಬಾಗುತ್ತದೆ ಎಂದರೆ ಬಲಿಯುತ್ತಿದೆ. ಪೆನ್ಸಿಲಿನಂತೆ ಬಾಗದೆ ನಿಂತರೆ ಪ್ರಾಯಕ್ಕೆ ಬಂದಿದೆ.

ಖಾತ್ರಿ ಮಾಡಿಕೊಳ್ಳಲು ಇನ್ನೆರಡು ಪರೀಕ್ಷೆ ಮಾಡಿ. ಕ್ಲಾಸ್ಪರನ್ನು ಬುಡದಿಂದ ತಲೆಯ ಕಡೆಗೆ ತಿರುಗಿಸಿ. ಬಲಿತ ಗಂಡಿನಲ್ಲಿ ಅದು ಬಾಗಿಲ ಚಿಲಕದಂತೆ ಸಲೀಸಾಗಿ ಮುಂದಕ್ಕೆ ಬರುತ್ತದೆ. ಕೂಡುವಾಗ ಹೆಚ್ಚಾಗಿ ಒಂದನ್ನು ಮಾತ್ರ ಹೀಗೆ ತಿರುಗಿಸಿ ಬಳಸುತ್ತದೆ. ಎರಡೂ ಒಟ್ಟಿಗೆ ಕೆಲಸ ಮಾಡುವುದು ಅಪರೂಪ. ಆಮೇಲೆ ತುದಿಯನ್ನು ಎರಡು ಉಗುರಿನಿಂದ ಬಿಡಿಸಿ. ಬಲಿತದ್ದಾದರೆ ತುದಿ ಬೀಸಣಿಗೆಯಂತೆ ಅರಳುತ್ತದೆ. ಕೆಲವು ಜಾತಿಗಳಲ್ಲಿ ಅಲ್ಲಿ ಕೊಕ್ಕೆ, ಮುಳ್ಳು ಕೂಡ ಇರುತ್ತವೆ. ಒಳಗೆ ಹೋದ ಮೇಲೆ ಜಾರದಂತೆ ಊರಿಕೊಳ್ಳಲು ಅವು ಬೇಕು. ಹಿಡಿತ ಎಂಬ ಹೆಸರಿಗೆ ಅಷ್ಟು ಮಟ್ಟಿಗೆ ಅರ್ಥ ಇದೆ ಅನ್ನಿ. ಹೊಟ್ಟೆಯ ಹಿಂಭಾಗ ಮೆಲ್ಲಗೆ ಒತ್ತಿದಾಗ ಹಾಲಿನಂಥ ದ್ರವ ಬಂದರೆ ಮೀನು ಕೂಡುವ ಹಂಗಾಮಿನಲ್ಲಿದೆ.

ನಾನು ಕೆಟ್ಟದ್ದು ಇದೇ ಹಂತದಲ್ಲಿ. ಹತ್ತು ತಾಟೆಗಳನ್ನು ಫ್ರೀಜರಿನಲ್ಲಿಟ್ಟು, ಮರುದಿನ ಅರ್ಧ ಕರಗಿದಾಗಲೇ ಅವಸರದಲ್ಲಿ ಮುಟ್ಟಿ ನೋಡಿದೆ. ಒಂಬತ್ತು ಬಲಿತಿವೆ ಎಂದು ಬರೆದೆ. ಮೇಷ್ಟ್ರು ಪಟ್ಟಿ ನೋಡಿದರು. ಅದರಲ್ಲಿ ಒಂದು ಗೇಣುದ್ದದ ಮರಿಯೂ ಇತ್ತು. "ಇದು ಸುಣ್ಣದಿಂದ ಗಟ್ಟಿಯಾದದ್ದಾ, ಐಸಿನಿಂದಾ?" ಅಂದರು. ಪೂರ್ತಿ ಕರಗಿದ ಮೇಲೆ ನೋಡಿದರೆ ನಿಜವಾಗಿ ಬಲಿತದ್ದು ನಾಲ್ಕೇ. ಆದ್ದರಿಂದ ಐಸಿನಿಂದ ತೆಗೆದ ಮೀನನ್ನು ಮುಟ್ಟುವ ಮೊದಲು ಕಾಯಿರಿ. ರೆಕ್ಕೆಯ ತುದಿ ಬಾಗುತ್ತದಾ ಅಂತ ನೋಡಿ. ಅದೇ ಬಾಗದಿದ್ದರೆ ಕ್ಲಾಸ್ಪರ್ ಬಗ್ಗೆ ಏನೂ ಹೇಳಲು ಬರುವುದಿಲ್ಲ.

ಹಂತ 6: ಕಾಲುವೆ ಮತ್ತು ನೀರಿನ ಚೀಲ

ಲ್ಯಾಬಿನಲ್ಲಿ ಅನುಮತಿ ಇರುವ ಮಾದರಿ ಸಿಕ್ಕಿದರೆ ಮಾತ್ರ ಈ ಹಂತ. ನಮ್ಮ ಪಡುಗಡಲಿನಲ್ಲಿ ಸಿಗುವ ಸಣ್ಣ ತಾಟೆ ಸ್ಕೋಲಿಯೋಡಾನ್ ಹಿಂದೆ ಪ್ರತಿ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಇರುತ್ತಿತ್ತು. ಸಲಿಕೆಯಂಥ ಚಪ್ಪಟೆ ಮೂತಿ ಅದರ ಗುರುತು. ಈಗಲೂ ಹಳೆಯ ಗಾಜಿನ ಜಾಡಿಗಳಲ್ಲಿ ಕಾಣಸಿಗುತ್ತದೆ.

ಕ್ಲಾಸ್ಪರ್ ಮೇಲ್ಮೈಯನ್ನು ನೋಡಿ. ಉದ್ದಕ್ಕೂ ಒಂದು ಕಾಲುವೆ ಇದೆ. ಎರಡೂ ಅಂಚು ಒಂದರ ಮೇಲೊಂದು ಮಡಚಿಕೊಂಡಿವೆ, ವೀಳ್ಯದೆಲೆ ಸುರುಳಿ ಸುತ್ತಿದ ಹಾಗೆ. ಬುಡದ ಹತ್ತಿರ ಒಂದು ತೂತು, ತುದಿಯ ಹತ್ತಿರ ಇನ್ನೊಂದು. ಮೊಂಡು ಸೂಜಿಯನ್ನು ಬುಡದ ತೂತಿನಲ್ಲಿ ತೂರಿಸಿದರೆ ತುದಿಯಲ್ಲಿ ಹೊರಬರುತ್ತದೆ.

ತಾಟೆಗಳಲ್ಲಿ ಹೊಟ್ಟೆಯ ಚರ್ಮದ ಅಡಿಯಲ್ಲಿ, ಕ್ಲಾಸ್ಪರ್ ಬುಡದಿಂದ ಮುಂದಕ್ಕೆ ಚಾಚಿದ ಸ್ನಾಯುವಿನ ಚೀಲ ಇದೆ. ಅದರ ಹೆಸರು ಸೈಫನ್ ಚೀಲ. ಗಂಡು ಇದರಲ್ಲಿ ಸಮುದ್ರದ ನೀರು ತುಂಬಿಕೊಳ್ಳುತ್ತದೆ. ಕೂಡುವಾಗ ಚೀಲ ಹಿಂಡಿದರೆ ನೀರು ಕಾಲುವೆಯಲ್ಲಿ ನುಗ್ಗಿ ವೀರ್ಯವನ್ನು ಮುಂದೆ ತಳ್ಳುತ್ತದೆ. ಹೋಳಿಯ ಪಿಚಕಾರಿ ಇದ್ದಂತೆ. ಚೀಲ ನೋಡಲು ಚರ್ಮವನ್ನು ಮಾತ್ರ ಕೊಯ್ಯಬೇಕು. ಬ್ಲೇಡು ಆಳಕ್ಕಿಳಿದರೆ ಚೀಲವೇ ಹರಿದುಹೋಗುತ್ತದೆ. ಉಳಿದದ್ದನ್ನು ಮೊಂಡು ಹಿಡಿಯಿಂದ ಬಿಡಿಸಿ. ತೊರಕೆಯಲ್ಲಿ ಈ ಚೀಲ ಹುಡುಕಬೇಡಿ, ಅಲ್ಲಿ ಅದರ ಬದಲು ಕ್ಲಾಸ್ಪರ್ ಬುಡದಲ್ಲಿ ಒಂದು ಗ್ರಂಥಿ ಇದೆ.

ಹಂತ 7: ಬರೆದಿಡಿ, ಗೆರೆ ಎಳೆಯಿರಿ

ಒಂದು ಮೀನಿಗೆ ಒಂದು ಸಾಲು. ಉದಾಹರಣೆಗೆ: "ಮಲ್ಪೆ, ಟ್ರಾಲ್ ದೋಣಿ, ಸ್ಕೋಲಿಯೋಡಾನ್, ಗಂಡು, ಪೂರ್ತಿ ಉದ್ದ 40 ಸೆಂ.ಮೀ., ಕ್ಲಾಸ್ಪರ್ ಒಳ ಉದ್ದ 36 ಮಿ.ಮೀ., ಗಟ್ಟಿ, ತಿರುಗುತ್ತದೆ, ತುದಿ ಅರಳುತ್ತದೆ." ತಾರೀಖು ಮರೆಯಬೇಡಿ. ಹೊಟ್ಟೆಯ ಕಡೆಯಿಂದ ಸ್ಕೇಲು ಇಟ್ಟು ಒಂದು ಫೋಟೋ, ಪಕ್ಕದಿಂದ ಪೂರ್ತಿ ಮೀನಿನದು ಇನ್ನೊಂದು. ಎರಡನೆಯದು ಇಲ್ಲದಿದ್ದರೆ ಆಮೇಲೆ ಜಾತಿ ಗುರುತಿಸಲು ಒದ್ದಾಡುತ್ತೀರಿ.

ಐವತ್ತು ಅರವತ್ತು ಗಂಡು ಮೀನಿನ ಲೆಕ್ಕ ಸಿಕ್ಕ ಮೇಲೆ ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಮೀನಿನ ಉದ್ದ, ಮೇಲಕ್ಕೆ ಕ್ಲಾಸ್ಪರ್ ಉದ್ದ ಇಟ್ಟು ಚುಕ್ಕಿ ಹಾಕಿ. ಮೊದಲು ಚುಕ್ಕಿಗಳು ನಿಧಾನವಾಗಿ ಏರುತ್ತವೆ. ನಂತರ ಒಂದು ಕಡೆ ಇದ್ದಕ್ಕಿದ್ದಂತೆ ಕಡಿದಾಗಿ ಮೇಲೇಳುತ್ತವೆ. ಆಮೇಲೆ ಮತ್ತೆ ಚಪ್ಪಟೆ. ಆ ಕಡಿದಾದ ಏರೇ ಪ್ರಾಯ. ಹೈಸ್ಕೂಲು ಹುಡುಗರು ಒಂದೇ ರಜೆಯಲ್ಲಿ ಉದ್ದವಾಗುತ್ತಾರಲ್ಲ, ಹಾಗೆ. ಯಾವ ಗಾತ್ರಕ್ಕಿಂತ ಚಿಕ್ಕ ಮೀನು ಹಿಡಿಯಬಾರದು ಎಂದು ಯೋಚಿಸುವವರಿಗೆ ಬೇಕಾದ ಮಾಹಿತಿ ಇದೇ. ತಾಟೆ ಬೂತಾಯಿಯಂತೆ ಸಾವಿರಗಟ್ಟಲೆ ಮೊಟ್ಟೆ ಇಡುವುದಿಲ್ಲ. ಸ್ಕೋಲಿಯೋಡಾನ್ ಒಂದು ಬಸಿರಿಗೆ ಕೊಡುವುದು ಕೆಲವೇ ಮರಿ.

ಕಡಲು ದೂರ ಇದ್ದವರಿಗೆ

ಬೀದರ್, ಕಲಬುರಗಿಯವರು ಮಲ್ಪೆಗೆ ಬರಬೇಕಾಗಿಲ್ಲ. ಗಂಡು ತನ್ನ ದೇಹದ ಭಾಗವನ್ನೇ ಮಾರ್ಪಡಿಸಿಕೊಂಡದ್ದು ಮನೆ ಹತ್ತಿರವೇ ಸಿಗುತ್ತದೆ.

ಗಾಜಿನ ಲೋಟದಲ್ಲಿ ಗಪ್ಪಿ ಮೀನು ಹಾಕಿ ಪಕ್ಕದಿಂದ ನೋಡಿ. ಹೆಣ್ಣಿನ ಗುದದ ರೆಕ್ಕೆ ಬೀಸಣಿಗೆಯಂತಿರುತ್ತದೆ. ಗಂಡಿನದು ಸೂಜಿಯಂತೆ ಚೂಪು. ಸೊಳ್ಳೆಮರಿ ತಿನ್ನಲಿ ಎಂದು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದ ಗಂಬೂಸಿಯಾದಲ್ಲೂ ಹೀಗೇ. ಆ ರೆಕ್ಕೆಯ 3, 4, 5ನೇ ಕಡ್ಡಿಗಳು ಉದ್ದವಾಗಿ ಸೇರಿಕೊಂಡು ಈ ಸೂಜಿಯಾಗಿವೆ. ತಾಟೆಯಲ್ಲಿ ಜೋಡಿ ರೆಕ್ಕೆಯಿಂದ ಬಂದದ್ದು ಇಲ್ಲಿ ಒಂಟಿ ರೆಕ್ಕೆಯಿಂದ ಬಂದಿದೆ. ಕೆಲಸ ಮಾತ್ರ ಒಂದೇ.

ಇದು ಎಷ್ಟು ಹಳೆಯ ಉಪಾಯ ಗೊತ್ತಾ? ಸುಮಾರು 38.5 ಕೋಟಿ ವರ್ಷದ ಹಿಂದೆ ಮೈಮೇಲೆ ಕವಚ ಹೊತ್ತ ಮೈಕ್ರೊಬ್ರಾಕಿಯಸ್ ಎಂಬ ಮೀನಿತ್ತು. ಉದ್ದ ಬರೀ 8 ಸೆಂ.ಮೀ. ಅದರ ಗಂಡಿಗೂ ಎಲುಬಿನ ಕ್ಲಾಸ್ಪರ್ ಇತ್ತು ಎಂದು 2014ರಲ್ಲಿ ಗೊತ್ತಾಯಿತು. ಆಕಾರ ಎಷ್ಟು ಅಡ್ಡಾದಿಡ್ಡಿ ಎಂದರೆ ಗಂಡು ಹೆಣ್ಣು ಪಕ್ಕಪಕ್ಕದಲ್ಲಿ ನಿಂತೇ ಕೂಡಬೇಕಿತ್ತು ಎಂದು ವಿಜ್ಞಾನಿಗಳ ಲೆಕ್ಕಾಚಾರ.

ಇವೆಲ್ಲ ಸಾಗಿಸುವ ಅಂಗಗಳು. ನಿಜವಾಗಿ ಹಿಡಿಯುವ ಅಂಗ ನೋಡಬೇಕಾದರೆ ಮಳೆ ಬಿಟ್ಟ ಮೇಲೆ ಕೆರೆ ಏರಿಗೆ ಹೋಗಿ. ಏರೋಪ್ಲೇನ್ ಚಿಟ್ಟೆಗಳು ಎರಡೆರಡಾಗಿ ಕೂಡಿಕೊಂಡು ಹಾರುತ್ತಿರುತ್ತವೆ. ಮುಂದಿನದು ಗಂಡು. ಅದರ ಬಾಲದ ತುದಿಯಲ್ಲಿ ಇಕ್ಕಳದಂಥ ಅಂಗವಿದೆ, ಅದರಿಂದ ಹೆಣ್ಣಿನ ತಲೆಯ ಹಿಂಭಾಗವನ್ನು ಹಿಡಿದಿರುತ್ತದೆ. ಕೂತಾಗ ರೆಕ್ಕೆ ಮಡಚುವ ತೆಳ್ಳನೆಯ ಜಾತಿಗಳಲ್ಲಾದರೆ ಕುತ್ತಿಗೆಯ ಹಿಂದೆ ಹಿಡಿಯುತ್ತದೆ. ಹಿಡಿಯಲು ಹೋಗಬೇಡಿ, ಫೋನಿನಲ್ಲಿ ಜೂಮ್ ಮಾಡಿ ಫೋಟೋ ತೆಗೆದರೆ ಇಕ್ಕಳ ಸ್ಪಷ್ಟವಾಗಿ ಕಾಣುತ್ತದೆ.

ಒಡಿಶಾ ಕರಾವಳಿಗೆ ಹೋಗುವವರು ಕುದುರೆ ಲಾಳದ ಏಡಿ ಸಿಕ್ಕರೆ ಅದರ ಮುಂಗಾಲು ನೋಡಿ. ಗಂಡಿನ ಮೊದಲೆರಡು ಜೋಡಿ ಕಾಲುಗಳು ಹೆಣ್ಣಿನ ಚಿಪ್ಪನ್ನು ಹಿಡಿಯಲೆಂದೇ ಮಾರ್ಪಟ್ಟಿವೆ. ಹಾಗೆ ಹಿಡಿದುಕೊಂಡು ದಡದವರೆಗೂ ಹೆಣ್ಣಿನ ಬೆನ್ನೇರಿಯೇ ಬರುತ್ತದೆ. ಆಳ ಸಮುದ್ರದ ಇಲಿಮೀನು ಕೈಮೇರಾದ ಕಥೆ ಇನ್ನೂ ವಿಚಿತ್ರ. ತಾಟೆಯ ಈ ದೂರದ ನೆಂಟನಿಗೆ ಕ್ಲಾಸ್ಪರ್ ಇದ್ದೂ ಸಾಲದೆ, ಹಣೆಯ ಮೇಲೆ ಹಲ್ಲುಗಳಿರುವ ಒಂದು ಕೊಕ್ಕೆ ಇದೆ. ಹೆಣ್ಣಿನ ಎದೆಯ ರೆಕ್ಕೆ ಹಿಡಿಯುವುದು ಅದರಿಂದ. ಅವು ಚರ್ಮದ ಮುಳ್ಳಲ್ಲ, ನಿಜವಾದ ಹಲ್ಲುಗಳೇ ಎಂದು 2025ರಲ್ಲಿ ತಿಳಿಯಿತು.

ನೆಲಗಪ್ಪೆಯನ್ನು ನೋಡಲು ಮುಂಗಾರಿನ ಮೊದಲ ಒಳ್ಳೆ ಮಳೆಯ ರಾತ್ರಿ ಸರಿಯಾದ ಸಮಯ. ಟಾರ್ಚ್ ಹಿಡಿದು ನೀರು ನಿಂತ ಹೊಂಡದ ಹತ್ತಿರ ಹೋಗಿ. ಬೆನ್ನ ಮೇಲೆ ಕೂತದ್ದು ಗಂಡು. ಅದರ ಮುಂಗಾಲಿನ ಒಳಬದಿಯ ಬೆರಳುಗಳ ಮೇಲೆ ಕಪ್ಪಗೆ, ಒರಟಾದ ಮಚ್ಚೆ ಇರುತ್ತದೆ, ಉಪ್ಪುಕಾಗದ ಅಂಟಿಸಿದ ಹಾಗೆ. ಜಾರುವ ಹೆಣ್ಣನ್ನು ಒದ್ದೆಯಲ್ಲಿ ಬಿಗಿಯಾಗಿ ಹಿಡಿಯಲು ಅದು ಬೇಕು. ಜೋಡಿಯನ್ನು ಬಿಡಿಸಬೇಡಿ. ಒಂಟಿ ಗಂಡು ಸಿಕ್ಕರೆ ಒದ್ದೆ ಕೈಯಲ್ಲಿ ಎತ್ತಿ, ಬೆರಳು ನೋಡಿ, ಅಲ್ಲೇ ಬಿಡಿ. ಕಣ್ಣಿನ ಹಿಂದಿರುವ ಉಬ್ಬುಗಳಲ್ಲಿ ವಿಷ ಇರುತ್ತದೆ. ಕೈ ಸೋಪಿನಲ್ಲಿ ತೊಳೆಯುವವರೆಗೆ ಕಣ್ಣು ಉಜ್ಜಿಕೊಳ್ಳಬೇಡಿ.